ಅಡಗುಮನೆಯಲ್ಲಿ ಬೆಳೆದ ಹುಡುಗಿ



ದಿನಾ ಡೈರಿ ಬರೀರಿ ಅಂತ ಮೇಷ್ಟ್ರು ಹೇಳ್ತಾನೇ ಇರ್ತಾರೆ. ‘ಬರೆಯೋಕೆ ನಮ್ಮ ದಿನದಲ್ಲಿ ಏನಿದೆ?’ ಅಂತ ನಾವು ಸುಮ್ಮನಾಗ್ತೀವಿ. ಆದರೆ ಎರಡು ವರ್ಷ ಒಂದೇ ಕಟ್ಟಡದೊಳಗೆ ಅಡಗಿದ್ದ ಹುಡುಗಿಯೊಬ್ಬಳ ಡೈರಿಯನ್ನು ಇಂದು ಜಗತ್ತೇ ಓದುತ್ತಿದೆ. ಅವಳ ಹೆಸರು ಆನ್ ಫ್ರಾಂಕ್.

ಆನ್ ಹುಟ್ಟಿದ್ದು 1929ರ ಜೂನ್ 12ರಂದು, ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ. ಅವರದು ಯೆಹೂದಿ ಕುಟುಂಬ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದು ಯೆಹೂದಿಗಳಿಗೆ ಕಿರುಕುಳ ಶುರುವಾದಾಗ ಅವರು ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ನೆಲೆಸಿದರು. 1940ರ ಮೇ ತಿಂಗಳಲ್ಲಿ ಜರ್ಮನ್ ಸೈನ್ಯ ಅಲ್ಲಿಗೂ ಬಂತು. ಯೆಹೂದಿ ಮಕ್ಕಳು ಬೇರೆ ಶಾಲೆಗೇ ಹೋಗಬೇಕು, ಸಿನಿಮಾ ನೋಡಬಾರದು, ಬಟ್ಟೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕು. ಹೀಗೆ ಒಂದರ ಮೇಲೊಂದು ಕಟ್ಟಳೆ.

ಹದಿಮೂರನೇ ಹುಟ್ಟುಹಬ್ಬಕ್ಕೆ ಆನ್‌ಗೆ ಚೌಕಳಿ ರಟ್ಟಿನ ಡೈರಿ ಸಿಕ್ಕಿತು. ಇನ್ನೂ ಒಂದು ತಿಂಗಳು ತುಂಬಿರಲಿಲ್ಲ, ಅಕ್ಕ ಮಾರ್ಗೊಟ್‌ಳನ್ನು ದುಡಿಮೆ ಶಿಬಿರಕ್ಕೆ ಕರೆಯುವ ಆಜ್ಞೆ ಬಂತು. ಮರುದಿನವೇ, 1942ರ ಜುಲೈ 6ರಂದು, ಮನೆಯವರೆಲ್ಲ ಅಪ್ಪನ ಕಚೇರಿಯ ಹಿಂಭಾಗದಲ್ಲಿ ಅಡಗಿಕೊಂಡರು. ಆಮೇಲೆ ಇನ್ನೂ ನಾಲ್ವರು ಸೇರಿ ಒಟ್ಟು ಎಂಟು ಜನರಾದರು. ಬಾಗಿಲು ಕಾಣದ ಹಾಗೆ ಪುಸ್ತಕದ ಕಪಾಟು ಅಡ್ಡ ಇಟ್ಟರು. ಕಚೇರಿಯ ಮೀಪ್ ಗೀಸ್ ಮತ್ತು ಅವರ ಜೊತೆಯವರು ಪ್ರಾಣಕ್ಕೆ ಹೆದರದೆ ದಿನಸಿ, ಪುಸ್ತಕ ತಂದುಕೊಡುತ್ತಿದ್ದರು.

ಹಗಲಲ್ಲಿ ಕೆಳಗೆ ಕೆಲಸದಾಳುಗಳು ಇರುತ್ತಿದ್ದರು. ಅವರಿಗೆ ಗೊತ್ತಾಗಬಾರದು. ಜೋರಾಗಿ ಮಾತಾಡೋ ಹಾಗಿಲ್ಲ, ಬೂಟು ಹಾಕಿ ಓಡಾಡೋ ಹಾಗಿಲ್ಲ, ಪಾಯಿಖಾನೆಗೆ ನೀರೂ ಬಿಡೋ ಹಾಗಿಲ್ಲ. ನಮಗೋ ಒಂದು ಪೀರಿಯಡ್ ಸುಮ್ಮನೆ ಕೂರೋಕೆ ಆಗಲ್ಲ!

ಆದರೆ ಬೆಳೆಯುವ ವಯಸ್ಸು ಅಡಗಿ ಕೂರುತ್ತದೆಯೇ? ಅಪ್ಪ ಅಮ್ಮ ಮಕ್ಕಳ ಎತ್ತರ ಅಳೆದು ಗೋಡೆಗೆ ಪೆನ್ಸಿಲ್ ಗೆರೆ ಎಳೆಯುತ್ತಿದ್ದರು. ಅಲ್ಲಿದ್ದಷ್ಟು ದಿನದಲ್ಲಿ ಆನ್ 13 ಸೆಂಟಿಮೀಟರಿಗೂ ಹೆಚ್ಚು ಬೆಳೆದಳು. ತಂದಿದ್ದ ಬಟ್ಟೆಗಳೆಲ್ಲ ಗಿಡ್ಡವಾದವು. ಆ ಮನೆ ಈಗ ವಸ್ತುಸಂಗ್ರಹಾಲಯ. ಗೆರೆಗಳು ಇನ್ನೂ ಇವೆ.

ಮನಸ್ಸು ಬೆಳೆದ ಗೆರೆಗಳು ಡೈರಿಯಲ್ಲಿವೆ. ಮೊದಮೊದಲು ಅವಳು ಅಮ್ಮನ ಮೇಲೆ ಸಿಟ್ಟು ಬಂದಾಗೆಲ್ಲ ಖಾರವಾಗಿ ಬರೆದಿದ್ದಳು. 1944ರ ಜನವರಿಯಲ್ಲಿ ಆ ಹಳೇ ಪುಟಗಳನ್ನು ತಿರುವಿ ಓದಿದಾಗ ಅವಳಿಗೇ ನಾಚಿಕೆಯಾಯಿತು. ಯುದ್ಧಕಾಲದ ಡೈರಿಗಳನ್ನು ಜೋಪಾನ ಮಾಡಿ ಎಂದು ಮಾರ್ಚ್‌ನಲ್ಲಿ ಹಾಲೆಂಡಿನ ಮಂತ್ರಿಯೊಬ್ಬರು ರೇಡಿಯೋದಲ್ಲಿ ಹೇಳಿದರು. ಲೇಖಕಿ ಆಗಬೇಕೆಂದಿದ್ದ ಆನ್ ತನ್ನ ಡೈರಿಯನ್ನೆಲ್ಲ ತಿದ್ದಿ ಹೊಸದಾಗಿ ಬರೆಯತೊಡಗಿದಳು.

ಆ ಕೆಲಸ ಮುಗಿಯಲಿಲ್ಲ. 1944ರ ಆಗಸ್ಟ್ 4ರಂದು ಪೊಲೀಸರು ಬಂದು ಎಂಟೂ ಜನರನ್ನು ಹಿಡಿದುಕೊಂಡು ಹೋದರು. 1945ರ ಆರಂಭದಲ್ಲಿ ಬರ್ಗನ್-ಬೆಲ್ಸನ್ ಶಿಬಿರದಲ್ಲಿ ಅಕ್ಕ ತಂಗಿ ಇಬ್ಬರೂ ತೀರಿಕೊಂಡರು. ಆನ್‌ಗೆ ಆಗ ಬರೀ ಹದಿನೈದು ವರ್ಷ. ಕೆಲವೇ ವಾರಗಳ ನಂತರ, ಏಪ್ರಿಲ್ 15ರಂದು, ಆ ಶಿಬಿರ ಬಿಡುಗಡೆಯಾಯಿತು.

ಎಂಟು ಜನರಲ್ಲಿ ಬದುಕಿ ಬಂದದ್ದು ಅಪ್ಪ ಆಟ್ಟೊ ಫ್ರಾಂಕ್ ಒಬ್ಬರೇ. ಅಡಗುಮನೆಯಲ್ಲಿ ಚೆಲ್ಲಿದ್ದ ಡೈರಿಯ ಹಾಳೆಗಳನ್ನು ಮೀಪ್ ಎತ್ತಿಟ್ಟಿದ್ದರು, ಓದಿರಲಿಲ್ಲ. ಆನ್ ಬಂದರೆ ಅವಳ ಕೈಗೇ ಕೊಡೋಣ ಅಂತಿದ್ದರು. ಅದನ್ನು ಅಪ್ಪನಿಗೆ ಕೊಟ್ಟರು. 1947ರಲ್ಲಿ ಅದು ಪುಸ್ತಕವಾಯಿತು.

ಮಗಳ ಮನಸ್ಸು ಇಷ್ಟು ಆಳವಾಗಿತ್ತೆಂದು ತನಗೆ ಗೊತ್ತೇ ಇರಲಿಲ್ಲ ಎಂದರು ಅಪ್ಪ. ಗೋಡೆಗೆ ನಿಲ್ಲಿಸಿ ಅವಳ ಎತ್ತರ ಅಳೆದವರು ಅವರೇ. ಒಳಗಿನ ಬೆಳವಣಿಗೆ ಕಂಡದ್ದು ಡೈರಿಯಲ್ಲಿ, ಅದೂ ಅವಳು ಹೋದ ಮೇಲೆ.

ಇನ್ನು ಮೇಲೆ ಮೇಷ್ಟ್ರು ‘ಡೈರಿ ಬರೀರಿ’ ಅಂದಾಗ ಬರೆಯೋಕೆ ಏನೂ ಇಲ್ಲ ಅನ್ನಬೇಡಿ.