ಚಿಕ್ಕ ಅಂಗಳದಲ್ಲಿ ಹಬ್ಬುಗುಲಾಬಿ

ಲತೆಯೆಂದೊಡನೆ ಕಾವ್ಯಾಭ್ಯಾಸಿಗಳ ಮನಸ್ಸಿನಲ್ಲಿ ಮೂಡುವುದು ಮರವನ್ನಪ್ಪಿ ನಿಂತ ಬಳ್ಳಿಯ ಚಿತ್ರ. ಕಾಳಿದಾಸನ ಅಭಿಜ್ಞಾನ ಶಾಕುಂತಲದ ಪ್ರಥಮಾಂಕದಲ್ಲಿ ವನಜ್ಯೋತ್ಸ್ನೆಯೆಂಬ ಹೆಸರಿನ ನವಮಾಲಿಕೆಯು ಸಹಕಾರವೃಕ್ಷವನ್ನು ತಾನಾಗಿಯೇ ವರಿಸಿ ಅದರ ಆಶ್ರಯದಲ್ಲಿ ಹಬ್ಬಿರುವ ಪ್ರಸಂಗ ವಿದ್ವಜ್ಜನರಿಗೆಲ್ಲ ಪರಿಚಿತವಾದುದೇ. ಆದರೆ ಹಬ್ಬುಗುಲಾಬಿಯು ಈ ಸ್ವಯಂವರದ ಕುಲಕ್ಕೆ ಸೇರಿದುದಲ್ಲ. ಹಾಗಲಬಳ್ಳಿಗಿರುವಂತೆ ಅದಕ್ಕೆ ಹಿಡಿದುಕೊಳ್ಳುವ ಕುಡಿಗಳಿಲ್ಲ. ಅವರೆಬಳ್ಳಿಯಂತೆ ಕಾಂಡವು ಆಸರೆಯನ್ನು ಸುತ್ತುವುದಿಲ್ಲ. ವೀಳ್ಯದೆಲೆಯ ಬಳ್ಳಿಯಂತೆ ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಅಂಟಿಕೊಳ್ಳುವುದೂ ಇಲ್ಲ. ಅದಕ್ಕಿರುವುದು ಕೊಕ್ಕೆಯಂತೆ ಕೆಳಕ್ಕೆ ಬಾಗಿದ ಮುಳ್ಳುಗಳು ಮಾತ್ರ. ಕಾಡಿನಲ್ಲಿ ಆ ಕೊಕ್ಕೆಗಳನ್ನು ಪೊದೆಗಳಿಗೆ ತಗುಲಿಸಿ ಅದು ಮೇಲೇರುತ್ತದೆ. ಮನೆಯಂಗಳದಲ್ಲಿ ಅದನ್ನು ಎತ್ತಿ ಕಟ್ಟುವ ಕೈ ಮನೆಯವರದೇ ಆಗಬೇಕು. ಈ ಒಂದು ಸಂಗತಿಯನ್ನು ಅರಿಯದೆಯೇ ಅನೇಕ ಗೃಹಸ್ಥರು ಆಸೆಯಿಂದ ನೆಟ್ಟ ಗಿಡವನ್ನು ಕೆಲವು ವರ್ಷಗಳ ಬಳಿಕ ಬೇಸರದಿಂದ ಕಿತ್ತೆಸೆಯುತ್ತಾರೆ.

ಗುಲಾಬಿಯೆಂಬ ಶಬ್ದವು ಪಾರಸಿಯಿಂದ ಬಂದುದು. ಗುಲ್ ಎಂದರೆ ಹೂವು, ಆಬ್ ಎಂದರೆ ನೀರು. ಎರಡೂ ಸೇರಿ ಮೂಲದಲ್ಲಿ ಪನ್ನೀರನ್ನು ಸೂಚಿಸುತ್ತಿದ್ದ ಪದವು ನಮ್ಮ ದೇಶದಲ್ಲಿ ಹೂವಿಗೇ ಹೆಸರಾಗಿ ನಿಂತಿತು. ಹದಿನಾರನೆಯ ಶತಮಾನದ ಭಾವಮಿಶ್ರನ ಭಾವಪ್ರಕಾಶದಲ್ಲಿ ತರುಣೀ, ಶತಪತ್ರೀ ಎಂಬ ಹೆಸರುಗಳು ದೊರೆಯುತ್ತವೆ. ಅಲ್ಲಿಯೇ ಬರುವ ಕುಬ್ಜಕವನ್ನು ಹಿಮಾಲಯದ ತಪ್ಪಲಿನ ಬಿಳಿಯ ಹಬ್ಬುಗುಲಾಬಿಯೆಂದು ವಿದ್ವಾಂಸರು ಗುರುತಿಸುತ್ತಾರೆ. ಆಳೆತ್ತರವನ್ನು ಮೀರಿ ಮರದ ನೆತ್ತಿಯವರೆಗೆ ಹತ್ತುವ ಸಸ್ಯಕ್ಕೆ ಕುಬ್ಜವೆಂಬ ಹೆಸರು ಹೇಗೆ ಬಂದಿತೋ ನಿಘಂಟುಕಾರರೇ ಹೇಳಬೇಕು.

ಹಬ್ಬುಗುಲಾಬಿಯು ಚಳಿದೇಶದ ಸೊತ್ತೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದು ಪೂರ್ಣ ಸತ್ಯವಲ್ಲ. 1882ರಲ್ಲಿ ಸರ್ ಜಾರ್ಜ್ ವಾಟ್ ಎಂಬ ಸಸ್ಯಶಾಸ್ತ್ರಜ್ಞರು ಮಣಿಪುರದ ಬೆಟ್ಟಗಳಲ್ಲಿ ಮರಗಳ ಮೇಲೆ ಹರಡಿದ್ದ ದೊಡ್ಡ ಹೂವಿನ ಕಾಡುಗುಲಾಬಿಯೊಂದನ್ನು ಕಂಡರು. 1888ರಲ್ಲಿ ಬರ್ಮಾದ ಶಾನ್ ಬೆಟ್ಟಗಳಲ್ಲಿ ಸರ್ ಹೆನ್ರಿ ಕಾಲೆಟ್ ಅದನ್ನೇ ಕಂಡರು. ರೋಸಾ ಜೈಗ್ಯಾಂಟಿಯ ಎಂದು ಶಾಸ್ತ್ರದಲ್ಲಿ ಪ್ರಸಿದ್ಧವಾದ ಈ ಕುಲವೇ ಚೀನದ ತೋಟಗಳಲ್ಲಿ ಬೆಳೆದ ಟೀ ಗುಲಾಬಿಗಳ ಪೂರ್ವಜರಲ್ಲಿ ಒಂದು. ಕೊಡೈಕೆನಾಲಿನಲ್ಲಿ ನೆಲೆಸಿದ ಎಂ. ಎಸ್. ವೀರರಾಘವನ್ ಮತ್ತು ಅವರ ಪತ್ನಿ ಗಿರಿಜಾ ಅವರು ಈ ಕಾಡುಗುಲಾಬಿಯನ್ನೇ ಬಳಸಿ ಉಷ್ಣದೇಶಗಳಿಗೆ ಒಗ್ಗುವ ತಳಿಗಳನ್ನು ರೂಪಿಸಿದುದು ಗುಲಾಬಿಪ್ರಿಯರ ಲೋಕದಲ್ಲಿ ಗೌರವಕ್ಕೆ ಪಾತ್ರವಾದ ಕಾರ್ಯ.

ಇನ್ನೊಂದು ಶಾಖೆ ಅಮೆರಿಕದಿಂದ ಬಂದುದು. 1802ರ ಸುಮಾರಿಗೆ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ನಿನಲ್ಲಿ ಜಾನ್ ಚಾಂಪ್ನೀಸ್ ಎಂಬ ಭತ್ತದ ಜಮೀನುದಾರನ ತೋಟದಲ್ಲಿ ಕಸ್ತೂರಿ ಗುಲಾಬಿಗೂ ಚೀನದ ಗುಲಾಬಿಗೂ ಸಂಕರವಾಗಿ ಹೊಸ ಹಬ್ಬುಗುಲಾಬಿಯೊಂದು ಹುಟ್ಟಿತು. ಅದರ ಸಂತತಿಯನ್ನು ಫಿಲಿಪ್ ನ್ವಾಸೆಟ್ ಎಂಬಾತನು ಪ್ಯಾರಿಸ್ಸಿನಲ್ಲಿದ್ದ ತನ್ನ ಸಹೋದರನಿಗೆ ಕಳುಹಿಸಿಕೊಟ್ಟನು. ವಂಶಕ್ಕೆ ಅವರ ಮನೆತನದ ಹೆಸರೇ ನಿಂತಿತು. ಈ ವಂಶವು ಟೀ ಗುಲಾಬಿಗಳೊಡನೆ ಬೆರೆತು ಪಡೆದ ಸಂತಾನಗಳಲ್ಲಿ ಅತ್ಯಂತ ಖ್ಯಾತವಾದುದು 1864ರಲ್ಲಿ ಫ್ರಾನ್ಸಿನಲ್ಲಿ ಬೆಳಕಿಗೆ ಬಂದ ‘ಮಾರ್ಶಲ್ ನೀಲ್’. ಸಾಲ್ಫೆರಿನೋ ಯುದ್ಧದ ಸೇನಾನಿಯ ಹೆಸರನ್ನು ಹೊತ್ತ ಈ ಹೂವು ಬೆಣ್ಣೆಯ ಹಳದಿ, ಮೃದುವಾದ ಟೀ ಪರಿಮಳವುಳ್ಳದ್ದು. ರಣರಂಗದ ಗಂಧವೂ ಅದಕ್ಕಿಲ್ಲ. ಯೂರೋಪಿನ ಚಳಿಯನ್ನು ತಾಳಲಾರದೆ ಅಲ್ಲಿ ಗಾಜಿನ ಮನೆಯನ್ನು ಆಶ್ರಯಿಸಿದ ಅದು ಭಾರತದ ಬಂಗಲೆಗಳ ತೋಟಗಳಲ್ಲಿ ಬಯಲಿನಲ್ಲಿಯೇ ಬೆಳೆಯಿತು. ತೊಟ್ಟು ಸೊರಗಿದ್ದು ಹೂವು ತಲೆಬಾಗುವುದು ಅದರ ದೋಷವೆಂದು ಕೆಲವರು ಎಣಿಸುತ್ತಾರೆ. ಬಾಗಿಲ ಮೇಲಿನ ಕಮಾನಿಗೆ ಹಬ್ಬಿಸಿದಲ್ಲಿ ಆ ದೋಷವೇ ಗುಣವಾಗಿ, ಹೂವು ಬರುವವರ ಮುಖವನ್ನು ನೋಡುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರಬಹುದು. ಹಬ್ಬುಗುಲಾಬಿಯ ಉದ್ದನೆಯ ಕೊಂಬೆಯನ್ನು ಅದರ ಇಚ್ಛೆಗೆ ಬಿಟ್ಟರೆ ಅದು ನೆಟ್ಟಗೆ ಆಕಾಶಕ್ಕೆ ಏರುತ್ತದೆ. ತುದಿಯ ಮೊಗ್ಗಿನಲ್ಲಿ ಹುಟ್ಟುವ ಆಕ್ಸಿನ್ ಎಂಬ ರಸವಸ್ತುವು ಕೆಳಗಿಳಿದು ಬಂದು ಕೊಂಬೆಯುದ್ದಕ್ಕೂ ಇರುವ ಕಣ್ಣುಗಳನ್ನು ಅರಳಗೊಡದೆ ತಡೆಯುತ್ತದೆ. ಆದುದರಿಂದ ಹೂವು ಬಿಡುವುದು ತುದಿಯಲ್ಲಿ ಮಾತ್ರ. ಮನೆಯವರಿಗೆ ಕಾಣುವುದು ಬರಿಯ ಮುಳ್ಳುಕೋಲು. ಹೂವಿನ ಭೋಗವೆಲ್ಲ ಮಹಡಿಯ ಮೇಲಿನ ನೆರೆಮನೆಯವರದು. ಅದೇ ಕೊಂಬೆಯನ್ನು ಬಾಗಿಸಿ ಗೋಡೆಯುದ್ದಕ್ಕೆ ಅಡ್ಡಲಾಗಿ ಕಟ್ಟಿದರೆ ತುದಿಯ ದರ್ಪ ತಗ್ಗುತ್ತದೆ. ನಿದ್ರಿಸುತ್ತಿದ್ದ ಕಣ್ಣುಗಳು ಒಂದೊಂದಾಗಿ ಎಚ್ಚೆತ್ತು ಗೇಣುದ್ದದ ಕವಲುಗಳನ್ನು ಮೇಲಕ್ಕೆ ಕಳುಹಿಸುತ್ತವೆ. ಹೂವು ಬರುವುದು ಈ ಕವಲುಗಳಲ್ಲಿ. ಪೂರ್ಣ ಅಡ್ಡಲಾಗಿ ಎಳೆಯಲು ಸ್ಥಳವಿಲ್ಲದಿದ್ದರೆ ಓರೆಯಾಗಿ ಬೀಸಣಿಗೆಯಂತೆ ಹರಡಬಹುದು. ಕಂಬವಿದ್ದರೆ ಸುರುಳಿಯಾಗಿ ಸುತ್ತಬಹುದು. ನೆಟ್ಟಗೆ ಮಾತ್ರ ಬಿಡಬಾರದು.

ಬಾಗಿಸುವ ಕೆಲಸಕ್ಕೆ ಆತುರ ಸಲ್ಲದು. ಎಳೆಯ ಹಸಿರು ಕೊಂಬೆ ಬಾಗುತ್ತದೆ. ಬಲಿತು ಕಂದಾದುದು ಬುಡದಲ್ಲಿಯೇ ಸಿಗಿಯುತ್ತದೆ. ವಾರಕ್ಕೆ ಸ್ವಲ್ಪಸ್ವಲ್ಪವಾಗಿ ಇಳಿಸುತ್ತ ಬರಬೇಕು. ಕಟ್ಟಲು ಬಾಳೆಯ ನಾರು ಅಥವಾ ಸೆಣಬಿನ ಹುರಿ ಉತ್ತಮ. ಹುರಿಯನ್ನು ಮೊದಲು ತಂತಿಗೆ ಬಿಗಿದು, ಕೊಂಬೆಯ ಸುತ್ತ ಬೆರಳು ತೂರುವಷ್ಟು ಸಡಿಲ ಬಿಡಬೇಕು. ಲೋಹದ ತಂತಿಯಿಂದಲೇ ಕೊಂಬೆಯನ್ನು ಬಿಗಿದರೆ ಅದು ದಪ್ಪವಾದಂತೆ ತೊಗಟೆಯನ್ನು ಕೊಯ್ಯುತ್ತದೆ.

ಮೂವತ್ತು ಅಡಿಗೆ ನಲವತ್ತು ಅಡಿಯ ನಿವೇಶನದಲ್ಲಿ ಮನೆ ಕಟ್ಟಿದ ಮೇಲೆ ಉಳಿಯುವುದು ನಾಲ್ಕೈದು ಅಡಿ ಅಗಲದ ಪಟ್ಟಿಯಷ್ಟೆ. ಅಲ್ಲಿಯೇ ತುಳಸಿಕಟ್ಟೆ, ನೀರಿನ ತೊಟ್ಟಿ, ಬಟ್ಟೆ ಒಣಗಿಸುವ ಹಗ್ಗ, ಮಕ್ಕಳ ಆಟ. ಇಷ್ಟರ ನಡುವೆ ಗುಲಾಬಿಯ ಪೊದೆಯೊಂದು ನಾಲ್ಕು ದಿಕ್ಕಿಗೂ ಕೈಚಾಚಿದರೆ ಸೆರಗು ಹರಿಯುವುದು, ಮಗುವಿನ ಮೊಣಕೈ ಗೀರುವುದು ನಿಶ್ಚಯ. ಗೋಡೆಗೆ ಒತ್ತಿ ಕಟ್ಟಿದ ಹಬ್ಬುಗುಲಾಬಿಯಾದರೋ ನೆಲದಲ್ಲಿ ಎರಡಡಿಯನ್ನು ಮಾತ್ರ ಬೇಡುತ್ತದೆ. ಚಿಕ್ಕ ಅಂಗಳಕ್ಕೆ ಅದೇ ತಕ್ಕುದು. ಆದರೆ ಒಂದೇ ಸಾಕು. ಎರಡನ್ನು ನೆಟ್ಟವರು ಎರಡನ್ನೂ ಕಟ್ಟಲಾರದೆ ಹೋಗುವುದು ಸಾಮಾನ್ಯ.

ಪೂರ್ವಕ್ಕೆ ಮುಖಮಾಡಿದ ಗೋಡೆ ಶ್ರೇಷ್ಠ. ದಿನಕ್ಕೆ ಐದಾರು ಗಂಟೆಯ ಬಿಸಿಲು ಬೇಕು. ಪಶ್ಚಿಮದ ಗೋಡೆ ಬೇಸಗೆಯಲ್ಲಿ ಕಾದು ಎಲೆಯನ್ನು ಬಾಡಿಸುತ್ತದೆ. ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿ ಎರಡಡಿ ಆಳ, ಅಷ್ಟೇ ಅಗಲದ ಗುಣಿ ತೋಡಬೇಕು. ಹೊಸ ಮನೆಗಳಲ್ಲಿ ಈ ಗುಣಿಯಿಂದ ಮಣ್ಣಿಗಿಂತ ಹೆಚ್ಚಾಗಿ ಇಟ್ಟಿಗೆಚೂರು, ಸಿಮೆಂಟಿನ ಗಟ್ಟಿ, ಗಾರೆಯ ಪುಡಿ ಹೊರಬರುತ್ತವೆ. ಅದನ್ನೆಲ್ಲ ಹೊರಗೆ ಹಾಕದೆ ಮುಚ್ಚಿದರೆ ಸುಣ್ಣದ ಅಂಶ ಮಣ್ಣಿಗಿಳಿದು, ಗಿಡಕ್ಕೆ ಕಬ್ಬಿಣ ದೊರೆಯದೆ, ನರಗಳು ಮಾತ್ರ ಹಸಿರಾಗಿ ಉಳಿದು ಎಲೆ ಹಳದಿಯಾಗುತ್ತದೆ. ಕೆಮ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಬೇವಿನ ಹಿಂಡಿಯನ್ನೂ ಬೆರೆಸಿ ತುಂಬುವುದು ವಾಡಿಕೆ. ಗೋಡೆಗೆ ನಾಲ್ಕು ಬೆರಳು ಅಂತರ ಬಿಟ್ಟು, ಒಂದೂವರೆ ಅಡಿಗೆ ಒಂದರಂತೆ ಅಡ್ಡತಂತಿಗಳನ್ನು ನೆಡುವ ಮೊದಲೇ ಎಳೆದಿಡಬೇಕು. ಮುಳ್ಳಿನ ನಡುವೆ ಕೈಹಾಕಿ ಮೊಳೆ ಹೊಡೆಯುವ ಕಷ್ಟ ಅನುಭವಿಸಿದವರಿಗೇ ಗೊತ್ತು.

ನೆಟ್ಟ ಮೇಲೆ ನಡೆಯುವ ಪ್ರಮಾದಗಳಲ್ಲಿ ಎರಡು ಪ್ರಾಣಾಂತಿಕವಾದುವು. ಮೊದಲನೆಯದು ಕತ್ತರಿಯದು. ಪೊದೆಗುಲಾಬಿಯನ್ನು ವರ್ಷಕ್ಕೊಮ್ಮೆ ಮೊಣಕಾಲೆತ್ತರಕ್ಕೆ ಸವರುವ ಅಭ್ಯಾಸವಿರುವ ಮಾಲಿಯು ಇದನ್ನೂ ಹಾಗೆಯೇ ಸವರುತ್ತಾನೆ. ಹಬ್ಬುಗುಲಾಬಿಯ ಹೂಗವಲು ಹುಟ್ಟುವುದು ಹಿಂದಿನ ವರ್ಷದ ಕೊಂಬೆಯ ಮೇಲೆ. ಆ ಕೊಂಬೆಯೇ ಹೋದರೆ ಗಿಡವು ಮತ್ತೆ ಮೊದಲಿನಿಂದ ಕೊಂಬೆ ಬೆಳೆಸುತ್ತದೆ. ಮರುವರ್ಷ ಮತ್ತೆ ಕತ್ತರಿ. ಹೀಗೆ ಐದಾರು ವರ್ಷ ಕಳೆದು, ‘ನಮ್ಮ ಮಣ್ಣಿಗೆ ಇದು ಬಾರದು’ ಎಂಬ ತೀರ್ಪು ಹೊರಬೀಳುತ್ತದೆ. ಮಣ್ಣಿನ ಅಪರಾಧ ಅಲ್ಲಿ ಏನೂ ಇಲ್ಲ. ಮೊದಲ ಎರಡು ವರ್ಷ ಒಣಗಿದುದನ್ನಲ್ಲದೆ ಬೇರೇನನ್ನೂ ಕತ್ತರಿಸದೆ ಕಟ್ಟುತ್ತ ಹೋದರೆ ಮೂರನೆಯ ವರ್ಷಕ್ಕೆ ಗೋಡೆ ತುಂಬುತ್ತದೆ. ಪೊದೆಗುಲಾಬಿಯ ಕೊಂಬೆಯಲ್ಲಿ ಅಕಸ್ಮಾತ್ತಾಗಿ ಹುಟ್ಟಿ ಕಸಿಯಿಂದ ಉಳಿದುಬಂದ ಹಬ್ಬುವ ತಳಿಗಳಂತೂ ಎಳವೆಯಲ್ಲಿ ಬಲವಾಗಿ ಸವರಿದರೆ ಹಬ್ಬುವುದನ್ನೇ ಬಿಟ್ಟು ಪೊದೆಯಾಗಿಬಿಡುವ ಸಂಭವವುಂಟು.

ಎರಡನೆಯದು ಇನ್ನೂ ಮೋಸದ್ದು. ಮಾರಾಟಕ್ಕೆ ಬರುವ ಗುಲಾಬಿಗಳಲ್ಲಿ ಬಹುಪಾಲು ಕಾಡುಗುಲಾಬಿಯ ಬೇರಿನ ಮೇಲೆ ಕಣ್ಣುಕಸಿ ಮಾಡಿದುವು. ಕಸಿಗಂಟಿನ ಕೆಳಗಿನಿಂದ ಹೊರಡುವ ಚಿಗುರು ಕಾಡಿನ ಕುಲದ್ದು. ಅದು ಬಹು ವೇಗದಿಂದ, ಕಣ್ಣು ತಣಿಯುವಷ್ಟು ಹಸಿರಾಗಿ ಬೆಳೆಯುತ್ತದೆ. ಮನೆಯವರು ಗಿಡ ಚೇತರಿಸಿತೆಂದು ಹಿಗ್ಗಿ ಅದನ್ನೇ ತಂತಿಗೆ ಕಟ್ಟುತ್ತಾರೆ. ಅತ್ತ ಬೆಲೆಕೊಟ್ಟು ತಂದ ಜಾತಿಯು ಆಹಾರವಿಲ್ಲದೆ ಸೊರಗಿ ಸಾಯುತ್ತದೆ. ಐದು ಎಲೆಯಾದರೆ ನಾಡಗಿಡ, ಏಳಾದರೆ ಕಾಡಗಿಡ ಎಂಬ ಲೆಕ್ಕ ಪ್ರಚಾರದಲ್ಲಿದೆ. ಅದನ್ನು ನಂಬಲಾಗದು, ಏಳೆಲೆಯ ಒಳ್ಳೆಯ ಹಬ್ಬುಗುಲಾಬಿಗಳೂ ಉಂಟು. ಮಣ್ಣನ್ನು ಕೆದಕಿ ಚಿಗುರು ಹೊರಟ ಸ್ಥಾನವನ್ನು ಕಣ್ಣಾರೆ ಕಾಣುವುದೇ ಪ್ರಮಾಣ. ಗಂಟಿನ ಕೆಳಗಿನದಾದರೆ ಕತ್ತರಿಸದೆ ಬುಡಸಹಿತ ಕಿತ್ತು ತೆಗೆಯಬೇಕು. ಕತ್ತರಿಸಿದರೆ ಉಳಿದ ಬುಡದಿಂದ ಒಂದಕ್ಕೆ ನಾಲ್ಕು ಏಳುತ್ತವೆ.

ರೋಗಗಳ ವಿಷಯ ದೀರ್ಘವಾಗಿ ಹೇಳುವಂತಹುದಲ್ಲ. ನೀರನ್ನು ಬೆಳಗಿನ ಹೊತ್ತು ಬುಡಕ್ಕೆ ಎರೆದು ಎಲೆಯನ್ನು ಒದ್ದೆಮಾಡದಿದ್ದರೆ, ಗೋಡೆಗೂ ಗಿಡಕ್ಕೂ ನಡುವೆ ಗಾಳಿಯಾಡುವಂತಿದ್ದರೆ, ಕಪ್ಪುಚುಕ್ಕೆ ರೋಗ ಮತ್ತು ಬೂದಿರೋಗಗಳ ಬಾಧೆ ಬಹುಮಟ್ಟಿಗೆ ತಗ್ಗುತ್ತದೆ. ಬಿದ್ದ ರೋಗದೆಲೆಗಳನ್ನು ಆರಿಸಿ ಸುಡಬೇಕು.

ಗೋಡೆ ತುಂಬಿದ ಬಳಿಕ ಪ್ರತಿವರ್ಷ ಮಳೆಗಾಲ ಮುಗಿದು ಕಾರ್ತಿಕಮಾಸ ಬಂದಾಗ, ಹೂಬಿಟ್ಟ ಪಕ್ಕದ ಕವಲುಗಳನ್ನು ಎರಡು ಮೂರು ಕಣ್ಣುಗಳಷ್ಟು ಉಳಿಸಿ ಕತ್ತರಿಸಬೇಕು. ಬುಡದಿಂದ ಹೊಸ ಕೊಂಬೆಯೊಂದು ಎದ್ದಿದ್ದರೆ, ಎಲ್ಲಕ್ಕಿಂತ ಹಳೆಯದಾಗಿ ತೊಗಟೆ ಬಿರಿದ ಕೊಂಬೆಯೊಂದನ್ನು ನೆಲಮಟ್ಟಕ್ಕೆ ಕತ್ತರಿಸಿ ತುಂಡುತುಂಡಾಗಿ ಹೊರಗೆಳೆದು, ಅದು ಮಲಗಿದ್ದ ತಂತಿಗೆ ಹೊಸದನ್ನು ಬಾಗಿಸಿ ಕಟ್ಟಬೇಕು. ಹೊಸ ಕೊಂಬೆ ಏಳದ ವರ್ಷ ಹಳೆಯದನ್ನು ಮುಟ್ಟದಿರುವುದೇ ಲೇಸು.