ಸ್ಪ್ರಿಂಕ್ಲರ್ ವಾಲ್ವ್ ಸೋರ್ತಿದೆಯಾ? ಹೀಗೆ ಮಾಡಿ

ಜಗಳೂರಿನ ಬೋರ್‌ವೆಲ್ ಹೊಲ ಇರಲಿ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ಅಡಿಕೆ ತೋಟ ಇರಲಿ, ವಾಲ್ವ್ ಕೆಟ್ಟರೆ ನೀರು ಬೇಡದ ಲೈನಿಗೆ ಹೋಗುತ್ತೆ. ಬೇಕಾದ ಕಡೆ ಜೆಟ್ ತಿರುಗೋದೇ ಇಲ್ಲ.

ಮೊದಲು ಮೋಟಾರ್ ಆಫ್ ಮಾಡಿ. ಆಟೋ ಸ್ಟಾರ್ಟರ್ ಇದ್ರೆ ಅದನ್ನೂ ಮರೀಬೇಡಿ. ಇಲ್ದಿದ್ರೆ ಕರೆಂಟ್ ಬಂದ ತಕ್ಷಣ ಪಂಪ್ ತಾನಾಗೇ ಶುರುವಾಗುತ್ತೆ!

ಗೇಟ್ ವಾಲ್ವಿನ ಚಕ್ರದ ಕೆಳಗೆ ನೀರು ಜಿನುಗ್ತಿದೆಯಾ? ಗ್ಲ್ಯಾಂಡ್ ನಟ್ಟನ್ನ ಸ್ವಲ್ಪವೇ ಬಿಗಿ ಮಾಡಿ. ನಿಲ್ಲಲಿಲ್ವಾ? ಒಳಗಿನ ಪ್ಯಾಕಿಂಗ್ ದಾರ ಬದಲಿಸಿ.

ಪಿವಿಸಿ ಬಾಲ್ ವಾಲ್ವ್ ಮುಚ್ಚಿದ್ರೂ ನೀರು ದಾಟ್ತಿದೆಯಾ? ಇದಕ್ಕೆ ಮಾತ್ರ ಪಂಪ್ ಓಡಿಸಿ, ಬೇರೆ ಲೈನಿನ ವಾಲ್ವ್ ತೆಗೆದಿಟ್ಟು, ಕೆಟ್ಟ ವಾಲ್ವನ್ನ ನಾಲ್ಕೈದು ಸಲ ನಿಧಾನಕ್ಕೆ ತೆಗೆದು ಮುಚ್ಚಿ, ಸಿಕ್ಕಿಕೊಂಡ ಮರಳು ಹೋಗಬಹುದು. ಮರಳು ಬಾಲನ್ನೇ ಗೀರಿದ್ರೆ ಹೊಸದೇ ಗತಿ.

ಹೊಸ ವಾಲ್ವ್ ಕೂರಿಸೋಕೆ ಮೋಟಾರ್ ಮತ್ತೆ ಆಫ್ ಮಾಡಿ, ಪೈಪನ್ನ ನೇರವಾಗಿ ಕತ್ತರಿಸಿ, ಒರೆಸಿ, ಎರಡೂ ಕಡೆ ಸಲ್ಯೂಷನ್ ಹಚ್ಚಿ, ಒತ್ತಿ ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಹಿಡ್ಕೊಳ್ಳಿ. ಒಂದು ದಿನ ಒಣಗಲಿ. ಬಿಚ್ಚಿ ಜೋಡಿಸೋ ಯೂನಿಯನ್ ಹಾಕಿದ್ರೆ ಮುಂದಿನ ಸಲ ಪೈಪ್ ಕೊಯ್ಯೋ ಕೆಲಸ ಇಲ್ಲ.

ಕೊನೇ ಮಾತು: ಲೈನ್ ಬದಲಿಸುವಾಗ ಮುಂದಿನ ವಾಲ್ವ್ ಮೊದಲು ತೆಗೀರಿ, ಆಮೇಲೆ ಈಗಿನ ಲೈನಿನ ವಾಲ್ವನ್ನ ನಿಧಾನಕ್ಕೆ ಮುಚ್ಚಿ. ದಿಢೀರ್ ಅಂತ ಮುಚ್ಚಿದ್ರೆ ಒತ್ತಡಕ್ಕೆ ಜಾಯಿಂಟೇ ಕಿತ್ತು ಬರಬಹುದು.