ಖಾನಾಪುರದ ಕತ್ತಲಲ್ಲಿ ಎಂ77

ಡಿಸೆಂಬರ್ ನಡುವಿನ ರಾತ್ರಿ ಒಂಬತ್ತರ ಹೊತ್ತಿಗೆ ತಿಮಿಂಗಿಲ ನಕ್ಷತ್ರಪುಂಜ ಬೆಳಗಾವಿಯ ನೆತ್ತಿಯಿಂದ ತುಸು ದಕ್ಷಿಣಕ್ಕೆ ಬಂದಿರುತ್ತದೆ. ಚನ್ನಮ್ಮ ವೃತ್ತದ ದೀಪಗಳ ನಡುವೆ ನಿಂತರೆ ಅದರ ಸುಳಿವೂ ಸಿಗದು. ಖಾನಾಪುರ ತಾಲೂಕಿನ ಜಾಂಬೋಟಿ, ಕಣಕುಂಬಿ ಕಡೆಗೆ ಹೋದರೆ ಮಾತೇ ಬೇರೆ. ಭೀಮಗಡದ ಕಾಡಿನ ಆಸುಪಾಸಿನ ಈ ಸೀಮೆಯಲ್ಲಿ ಕತ್ತಲು ಇನ್ನೂ ಕತ್ತಲಾಗಿಯೇ ಉಳಿದಿದೆ. ಅಭಯಾರಣ್ಯದೊಳಗೆ ಕಾಲಿಡಬೇಕಿಲ್ಲ, ಊರಂಚಿನ ಬಯಲು ಸಾಕು.

ಕೃತ್ತಿಕೆಯಿಂದ ನೈಋತ್ಯಕ್ಕೆ ಇಳಿದು ಡೆಲ್ಟಾ ಸೀಟಿ ಎಂಬ ಮಂಕು ನಕ್ಷತ್ರವನ್ನು ಹುಡುಕಿಕೊಳ್ಳಬೇಕು. ಅದರಿಂದ ಪೂರ್ವಕ್ಕೆ ಒಂದು ಡಿಗ್ರಿಯೊಳಗೆ, ನಮ್ಮಿಂದ ಸುಮಾರು 4.7 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎಂ77 ಗೆಲಾಕ್ಸಿ ಇದೆ. ಆರಿಂಚಿನ ದೂರದರ್ಶಕದಲ್ಲಿ, ಅರ್ಧ ಗಂಟೆ ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ, ಓರೆಗಣ್ಣಲ್ಲಿ ನೋಡಿದರೆ ಮಂಜಿನ ಪುಟ್ಟ ಉಂಡೆ, ನಡುವೆ ಚುಕ್ಕೆಯಂಥ ಹೊಳಪು ಕಾಣುತ್ತದೆ. ಸುರುಳಿ ತೋಳುಗಳು ಫೋಟೊಗಳಲ್ಲಷ್ಟೇ. ನಡುವಿನ ನಕ್ಷತ್ರಪಟ್ಟಿಯಂತೂ ಸ್ಪಷ್ಟವಾಗಿ ಕಾಣುವುದು ಅವಕೆಂಪು ಚಿತ್ರಗಳಲ್ಲಿ.

ಆ ಚುಕ್ಕೆಯೇ ಇದರ ವಿಶೇಷ.

ಫ್ರಾನ್ಸಿನ ಪಿಯರ್ ಮೆಶೇನ್ 1780ರಲ್ಲಿ ಇದನ್ನು ಗುರುತಿಸಿದಾಗ ಅದೊಂದು ಮಸುಕು ಮೋಡ ಅಷ್ಟೇ. 1908ರಲ್ಲಿ ಎಡ್ವರ್ಡ್ ಫಾತ್ ಇದರ ಬೆಳಕನ್ನು ಒಡೆದು ನೋಡಿ, ಸಾಮಾನ್ಯ ನಕ್ಷತ್ರಗಳಲ್ಲಿ ಕಾಣದ ಪ್ರಖರ ಗೆರೆಗಳನ್ನು ಕಂಡರು. 1943ರಲ್ಲಿ ಕಾರ್ಲ್ ಸೀಫರ್ಟ್ ಇಂಥ ಗೆಲಾಕ್ಸಿಗಳನ್ನೆಲ್ಲ ಒಂದು ಗುಂಪಾಗಿ ವಿವರಿಸಿದರು. ಇಂದು ಅವಕ್ಕೆ ಅವರದೇ ಹೆಸರು. ಕೇಂದ್ರದ ಬೃಹತ್ ಕಪ್ಪುಕುಳಿಯತ್ತ ಜಾರುವ ಅನಿಲ ಕುಳಿ ಸೇರುವ ಮುನ್ನವೇ ಕಾದು ಉರಿಯುತ್ತದೆ. ಆದರೆ ಸುತ್ತಲಿನ ದಟ್ಟ ಧೂಳು ಆ ಉರಿಯನ್ನು ನಮ್ಮಿಂದ ಮರೆಮಾಡಿದೆ. ಗೋಡೆಯಾಚೆಯ ದೀಪದ ಬೆಳಕು ಮಾಡಿನ ಮೇಲೆ ಬಿದ್ದಂತೆ, ಅನಿಲಕ್ಕೆ ತಾಗಿ ಚದುರಿದ ಧ್ರುವೀಕೃತ ಬೆಳಕಿನಲ್ಲೇ ಆಂಟೊನೂಚಿ ಮತ್ತು ಮಿಲ್ಲರ್ 1985ರಲ್ಲಿ ಆ ಕೇಂದ್ರವನ್ನು ಪತ್ತೆಹಚ್ಚಿದರು. ಸಕ್ರಿಯ ಗೆಲಾಕ್ಸಿಗಳ ಬಗೆಗಿನ ತಿಳಿವಳಿಕೆ ಅಲ್ಲಿಂದ ಬದಲಾಯಿತು. 2022ರಲ್ಲಿ ಅಂಟಾರ್ಕ್ಟಿಕಾದ ಹಿಮದಾಳದ ಐಸ್‌ಕ್ಯೂಬ್ ವೀಕ್ಷಣಾಲಯ ಇದೇ ದಿಕ್ಕಿನಿಂದ ಬಂದ ಸುಮಾರು 79 ನ್ಯೂಟ್ರಿನೊಗಳ ವರದಿ ಕೊಟ್ಟಿತು. ಅವಕ್ಕೆ ಧೂಳಿನ ಅಡ್ಡಿಯಿಲ್ಲ.

ಕಪ್ಪುಕುಳಿಗಳ ಅಧ್ಯಯನದಲ್ಲಿ ಕನ್ನಡನಾಡಿನ ಪಾಲೂ ದೊಡ್ಡದು. ಕದಡಿದ ಕಪ್ಪುಕುಳಿ ಹೇಗೆ ಕಂಪಿಸಿ ಶಾಂತವಾಗುತ್ತದೆಂದು 1970ರಲ್ಲಿ ತೋರಿಸಿದವರು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ. ಲಡಾಖಿನ ಹಾನ್ಲೆಯ ಎರಡು ಮೀಟರ್ ದೂರದರ್ಶಕವನ್ನು ಇಂದಿಗೂ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. ಸಕ್ರಿಯ ಗೆಲಾಕ್ಸಿಗಳೂ ಅದರ ಕೆಲಸದಲ್ಲಿ ಸೇರಿವೆ.

ಬೆಳಗಾವಿಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ. ಎಂ77ರಿಂದ ಇಂದು ತಲುಪುವ ಬೆಳಕು ಹೊರಡುವಾಗಲೇ ಈ ಕಲ್ಲು ತಣಿದು ಸುಮಾರು ಎರಡು ಕೋಟಿ ವರ್ಷ ಕಳೆದಿತ್ತು. ಮಳೆಗಾಲದಲ್ಲಿ ಕಣಕುಂಬಿಯ ಆಕಾಶ ಮುಚ್ಚಿಯೇ ಇರುತ್ತದೆ. ನವೆಂಬರ್‌ನಿಂದ ಜನವರಿಯವರೆಗೆ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳೇ ನೋಡಲು ಸರಿಯಾದವು.